ದಂಡ ಮಗಳಿಗೆ ಮಾತ್ರವೇ?

2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು ಅಲ್ಲಿದ್ದ ಯುವತಿಯರನ್ನು ಹೊಡೆದು ಓಡಿಸಿತು. 2012ರ ಜುಲೈ 28ರಂದು ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ತರುಣ ತರುಣಿಯರ ಮೇಲೂ ಹಲ್ಲೆ ನಡೆಯಿತು. ಸಂಸ್ಕೃತಿಯ ಹೆಸರಿನ ಈ ಕೃತ್ಯಗಳಿಂದ ಯುವಜನರ ನಡೆ ಬದಲಾಗಲಿಲ್ಲ. ಮನೆಯವರಿಂದ ಮರೆಮಾಚುವುದನ್ನು ಮಾತ್ರ ಅವರು ಹೆಚ್ಚು ಕಲಿತರು. ಬೋಳಾರದಲ್ಲಿ ನೆಲೆಸಿರುವ ನನಗೆ ಕಂಡದ್ದು ಇಷ್ಟೇ.

ಧಾರವಾಡ, ಹಾವೇರಿ, ದಾವಣಗೆರೆಗಳಿಂದ ಮಕ್ಕಳನ್ನು ಈ ನಗರದ ಕಾಲೇಜುಗಳಿಗೆ ಕಳುಹಿಸಿರುವ ಸದ್ಭಕ್ತರು ಇದನ್ನು ಗಮನಿಸಬೇಕು. ವಿವಾಹಪೂರ್ವ ಸಂಬಂಧವನ್ನು ನಮ್ಮ ಸಮಾಜ ಒಪ್ಪಿಲ್ಲ, ನಾನೂ ಸಮರ್ಥಿಸುತ್ತಿಲ್ಲ. ಆದರೆ ಮೈನೆರೆದೊಡನೆ ಮದುವೆ ಮಾಡುತ್ತಿದ್ದ ಕಾಲದಲ್ಲಿ ಏಳದಿದ್ದ ಪ್ರಶ್ನೆ ಇಂದು ಎದ್ದಿದೆ. ಓದು, ಉದ್ಯೋಗಗಳ ನಡುವೆ ಹತ್ತು ಹನ್ನೆರಡು ವರ್ಷಗಳ ಅಂತರ ಏರ್ಪಟ್ಟಿದ್ದರೂ ಮನೆಯಲ್ಲಿ ಯಾರೂ ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಸಂಬಂಧ ಬಯಲಾದ ದಿನ ಮಗಳ ಓದು ಬಿಡಿಸುತ್ತೇವೆ. ಮಗನಾದರೆ ಹಾಸ್ಟೆಲ್ ಬದಲಿಸುತ್ತೇವೆ.

ಕಾನೂನು ಬಹುದೂರ ಸಾಗಿದೆ. ನಟಿ ಖುಷ್ಬೂ ಅವರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿದ 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವಯಸ್ಕರಿಬ್ಬರು ಒಪ್ಪಿ ಕೂಡಿ ಬಾಳುವುದು ಅಪರಾಧವಲ್ಲವೆಂದಿತು. 20ರಿಂದ 24 ವಾರಗಳ ಗರ್ಭಪಾತದ ಅವಕಾಶವನ್ನು ಅವಿವಾಹಿತೆಗೆ ನಿರಾಕರಿಸಲಾಗದೆಂದು 2022ರ ಸೆಪ್ಟೆಂಬರ್ 29ರಂದು ಅದೇ ನ್ಯಾಯಾಲಯ ತೀರ್ಮಾನಿಸಿತು.

ಹದಿನೆಂಟು ತುಂಬದವರ ಮಾತು ಬೇರೆ. ಪೋಕ್ಸೋ ಕಾಯಿದೆಯಡಿ ಅವರ ಒಪ್ಪಿಗೆಗೆ ಬೆಲೆಯಿಲ್ಲ. ಈ ವಯೋಮಿತಿಯನ್ನು ಮರುಚಿಂತಿಸುವಂತೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಕಾನೂನು ಆಯೋಗಕ್ಕೆ ಸೂಚಿಸಿತಾದರೂ, ವಯೋಮಿತಿ ಇಳಿಸುವುದು ಬೇಡವೆಂದು ಆಯೋಗ 2023ರಲ್ಲಿ ವರದಿ ಕೊಟ್ಟಿತು. ಇಂಥ ಹುಡುಗಿ ಗರ್ಭಿಣಿಯಾದರೆ ಮಾನಕ್ಕಂಜಿ ತರಾತುರಿಯಲ್ಲಿ ಮದುವೆ ಮಾಡುವ ತಂದೆತಾಯಂದಿರು ಇನ್ನೊಂದು ಅಪರಾಧವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು. ವೈದ್ಯರ ಬಳಿಗೆ ಹೋದರೆ ಪೊಲೀಸರಿಗೆ ಮಾಹಿತಿ ಹೋಗುವುದು ನಿಜ. ಆದರೆ ಹುಡುಗಿಯೂ ಪೋಷಕರೂ ಕೋರಿದರೆ ಆ ಮಾಹಿತಿಯಲ್ಲಿ ಆಕೆಯ ಗುರುತು ತಿಳಿಸಬೇಕಿಲ್ಲವೆಂದು ಮೇಲೆ ಹೇಳಿದ 2022ರ ತೀರ್ಪೇ ತಿಳಿಸಿದೆ. ಇದನ್ನರಿಯದೆ ಕಳ್ಳ ಚಿಕಿತ್ಸೆಗೆ ಹೋದರೆ ಮಗಳ ಜೀವಕ್ಕೇ ಕುತ್ತು.

ಇನ್ನು ಗಂಡುಮಕ್ಕಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನಂತೆ, ಮದುವೆಯಾಗುವ ಉದ್ದೇಶವಿಲ್ಲದೆ ಮಾತು ಕೊಟ್ಟು ದೈಹಿಕ ಸಂಪರ್ಕ ನಡೆಸಿದವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹಾಸ್ಟೆಲಿಗೆ ಹೊರಟ ಮಗನನ್ನು ಕೂರಿಸಿಕೊಂಡು ಇದನ್ನು ಹೇಳಿ ಕಳುಹಿಸಿರಿ.