ಮೈಕ್ ಕಲ್ಲಿನ ಪಕ್ಕ ಕಟ್ಟಿ

ವೀಕೆಂಡ್ ಬಂತೆಂದರೆ ಎಸಿ ಹಾಲ್‌ನಲ್ಲಿ ಸ್ಥಳೀಯ ಇತಿಹಾಸದ ಉಪನ್ಯಾಸ. ಸುಮಾರು 890ರ ಬೇಗೂರು ಶಾಸನದಲ್ಲೇ ‘ಬೆಂಗಳೂರು’ ಅನ್ನೋ ಹೆಸರಿದೆ ಅಂದ ಕೂಡಲೇ ನಾವು ಟೆಕ್ಕಿಗಳು ಚಪ್ಪಾಳೆ ತಟ್ಟಿ, ಸ್ಟೇಟಸ್ ಹಾಕ್ತೀವಿ. ಸರಿ, ಅದರಿಂದ ಕಲ್ಲು ಉಳಿಯುತ್ತಾ? ಬಿ.ಎಲ್. ರೈಸ್ 1905ರಲ್ಲೇ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ಅದರಲ್ಲಿರುವ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಪುಸ್ತಕ ಲೈಬ್ರರಿಯಲ್ಲಿತ್ತು, ಲೇಔಟ್ ಮಾಡೋರ ಕೈಯಲ್ಲಿರಲಿಲ್ಲ. ನಮ್ಮೂರಲ್ಲಿ ವೀರಗಲ್ಲಿನ ಮೇಲೆ ಬಟ್ಟೆ ಒಗೀತಿದ್ದರು. ಅದೇನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಇತಿಹಾಸಕಾರರೇ, ನಮಗೆ ಹೇಳಿದ್ದು ಸಾಕು. ಕಲ್ಲಿನ ಪಕ್ಕದಲ್ಲೇ ಮೈಕ್ ಕಟ್ಟಿ. ಪಂಚಾಯ್ತಿ ಮೆಂಬರ್, ಕಂಟ್ರಾಕ್ಟರ್, ಜೆಸಿಬಿ ಡ್ರೈವರ್‌ಗೆ ಮುಂದಿನ ಸಾಲು ಕೊಡಿ. ಕಲ್ಲು ಇರಬೇಕೋ ಬೇಡವೋ ಅಂತ ನಿರ್ಧರಿಸೋರು ಅವರು. ನಾವು ಹಿಂದೆ ನಿಂತು ಕೇಳ್ತೀವಿ.