ಕೂಸು ಹುಟ್ಟುವ ಮುನ್ನ ಕುಲಾವಿ

ಚುನಾವಣೆಯ ದಿನ ಗೊತ್ತಾಗುವುದೇ ತಡ, ಜನರ ನಾಡಿ ಹಿಡಿದು ನೋಡುವ ವೈದ್ಯರು ಊರೂರಿಗೆ ಹೊರಡುತ್ತಾರೆ. ಯಾವ ಪಕ್ಷಕ್ಕೆ ಎಷ್ಟು ಸ್ಥಾನ, ಯಾರು ಮುಖ್ಯಮಂತ್ರಿ ಎಂಬುದೆಲ್ಲ ಮತದಾರನು ಮತಗಟ್ಟೆಯ ಹೊಸ್ತಿಲು ತುಳಿಯುವ ಮೊದಲೇ ನಿಶ್ಚಯವಾಗಿಬಿಡುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಲದೆ, ಎಂದು ಸಮೀಕ್ಷೆಯ ಪರವಾಗಿ ವಾದಿಸುವವರುಂಟು. ಪಾತ್ರೆಯೂ ಅಕ್ಕಿಯೂ ಒಂದೇ ಆಗಿದ್ದರೆ ಸಾಕು, ನಿಜ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು 20 ಲಕ್ಷಕ್ಕೂ ಮಿಕ್ಕ ಉತ್ತರಗಳನ್ನು ಕಲೆಹಾಕಿ ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಪತ್ರಿಕೆ ಹೆಚ್ಚಾಗಿ ಕೇಳಿದ್ದು ಟೆಲಿಫೋನು, ಮೋಟಾರು ಉಳ್ಳವರನ್ನು. ಅಗುಳು ಎಷ್ಟೆಂಬುದಕ್ಕಿಂತ ಯಾವ ಪಾತ್ರೆಯದೆಂಬುದೇ ಮುಖ್ಯ.

ನಮ್ಮಲ್ಲಿನ ತೊಡಕು ಇನ್ನೂ ದೊಡ್ಡದು. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಬಂದ ಮತ ಸುಮಾರು ಶೇಕಡ 36, ಸ್ಥಾನ 104. 2023ರಲ್ಲಿ ಮತ ಹೆಚ್ಚುಕಡಿಮೆ ಅಷ್ಟೇ, ಸ್ಥಾನ 66. ಶೇಕಡ 38ರಷ್ಟು ಮತ ಪಡೆದೂ ಕಾಂಗ್ರೆಸ್ಸು 2018ರಲ್ಲಿ ಸ್ಥಾನಗಳಲ್ಲಿ ಹಿಂದೆ ಬಿದ್ದಿತ್ತು. ಎಂದಮೇಲೆ, ಜನರ ಒಲವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆದರೂ ಸ್ಥಾನಗಳ ಲೆಕ್ಕ ಅದರಿಂದ ಹೊರಡದು. ಒಲವು ಅಳೆದದ್ದು, ಸ್ಥಾನ ಊಹಿಸಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಮಾರುತ್ತಾರೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಕನ್ನಡದಲ್ಲಿ ‘ಮತ’ ಎಂದರೆ ಅಭಿಪ್ರಾಯವೂ ಹೌದು, ಓಟೂ ಹೌದು. ಶಬ್ದ ಒಂದಾದ ಮಾತ್ರಕ್ಕೆ ವಸ್ತು ಒಂದಾಗುವುದಿಲ್ಲ. ಜಗಲಿಯ ಮೇಲೆ ಅಪರಿಚಿತನಿಗೆ ಹೇಳುವುದು ಮಾತು; ಮರೆಯಲ್ಲಿ ನಿಂತು ಗುಂಡಿ ಒತ್ತುವುದು ಕೃತಿ. ಸಾಲ ಕೊಟ್ಟ ಧಣಿ, ಜಾತಿಯ ಹಿರಿಯ, ಪಕ್ಷದ ಕಾರ್ಯಕರ್ತ ಇವರೆಲ್ಲರ ಕಿವಿಗೆ ಬೀಳುವಂತೆ ಕೂಲಿಯ ಹೆಂಗಸೊಬ್ಬಳು, “ನಾವೇನು ಬಲ್ಲೆವು ಸ್ವಾಮಿ, ಎಲ್ಲರಂತೆ ನಾವೂ” ಎಂದರೆ ಅದು ಅಜ್ಞಾನವಲ್ಲ, ಜಾಣತನ. ಗುಪ್ತ ಮತದಾನವೆಂಬುದು ಅವಳಿಗಿರುವ ಒಂದೇ ರಕ್ಷೆ. ಅದನ್ನು ಅವಳು ಬಿಟ್ಟುಕೊಡಲೊಲ್ಲಳು. ಸಮೀಕ್ಷೆಯವರು ಅವಳನ್ನು ‘ಇನ್ನೂ ನಿರ್ಧರಿಸದವರ’ ಪಟ್ಟಿಗೆ ಸೇರಿಸುತ್ತಾರೆ. ಅವಳು ನಿರ್ಧರಿಸಿಯಾಗಿದೆ, ಇವರಿಗೆ ಹೇಳಲು ಮನಸ್ಸಿಲ್ಲ, ಅಷ್ಟೆ.

2024ರ ಲೋಕಸಭಾ ಚುನಾವಣೆಯಲ್ಲಿ, ಓಟು ಹಾಕಿ ಬಂದವರನ್ನೇ ಕೇಳಿ ನಡೆಸಿದ ಮತಗಟ್ಟೆ ಸಮೀಕ್ಷೆಗಳಲ್ಲಿ ಬಹುಪಾಲು ಆಳುವ ಮೈತ್ರಿಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನಗಳನ್ನು ಹಂಚಿದವು. ಜನ ಕೊಟ್ಟದ್ದು 293. ಹಾಕಿದ ಮೇಲೂ ಬಾಯಿಬಿಡದವರು ಹಾಕುವ ಮೊದಲು ಬಿಟ್ಟಾರೆಯೆ?

ಸಮೀಕ್ಷೆಯನ್ನು ನಿಷೇಧಿಸಬೇಕೆಂಬುದು ನನ್ನ ವಾದವಲ್ಲ. ಎಷ್ಟು ಮಂದಿಯನ್ನು, ಎಲ್ಲಿ, ಯಾವ ಬಗೆಯಲ್ಲಿ ಕೇಳಿದಿರಿ, ಎಷ್ಟು ಮಂದಿ ಉತ್ತರ ಕೊಡಲಿಲ್ಲ, ಖರ್ಚು ಯಾರದು? ಇಷ್ಟನ್ನು ಅಂಕೆಯ ಪಕ್ಕದಲ್ಲಿಯೇ, ಅದರಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಲಿ. ಅದಿಲ್ಲದೆ ಬಂದ ಅಂಕೆಯನ್ನು ಪಂಚಾಂಗದ ವರ್ಷಫಲದಂತೆ ಓದಿ ಬದಿಗಿಟ್ಟರಾಯಿತು.