ಪ್ರತಿಭಾ ಪುರಸ್ಕಾರದ ಗದ್ದಲದಲ್ಲಿ ಮರೆತುಹೋದ ಒಂದನೇ ತರಗತಿ

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶಗಳು ಹೊರಬಿದ್ದೊಡನೆ ನಮ್ಮ ಪಟ್ಟಣಗಳಲ್ಲಿ ಸನ್ಮಾನಗಳ ಸುಗ್ಗಿ ಆರಂಭವಾಗುತ್ತದೆ. ಜಮಾಅತ್‌ಗಳು, ಯುವಕ ಸಂಘಗಳು, ವಿದ್ಯಾರ್ಥಿವೇತನ ಸಮಿತಿಗಳು ಪೈಪೋಟಿಗೆ ಬಿದ್ದಂತೆ ಸಭಾಂಗಣಗಳನ್ನು ಕಾದಿರಿಸುತ್ತವೆ. ಶಾಲು, ಸ್ಮರಣಿಕೆ, ಹಣ್ಣಿನ ಬುಟ್ಟಿ, ಫೋಟೋ. 'ಓದು' ಎಂಬ ಪ್ರಥಮ ದಿವ್ಯಾದೇಶವನ್ನು ಪ್ರಸ್ತಾಪಿಸದೆ ಯಾವ ಭಾಷಣವೂ ಆರಂಭವಾಗುವುದಿಲ್ಲ. ಶೇಕಡಾ 90 ಅಂಕ ಗಳಿಸಿದ ಮಕ್ಕಳನ್ನು ಅಭಿನಂದಿಸುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಅದೇ ವಾರಗಳಲ್ಲಿ, ಅದೇ ಸಭಾಂಗಣದಿಂದ ಕೂಗಳತೆಯ ದೂರದಲ್ಲಿರುವ ಸರಕಾರಿ ಪ್ರಾಥಮಿಕ ಶಾಲೆಯ ಒಂದನೇ ತರಗತಿಯ ಕೊಠಡಿಯೊಳಗೆ ನಮ್ಮಲ್ಲಿ ಎಷ್ಟು ಮಂದಿ ಇಣುಕಿ ನೋಡಿದ್ದೇವೆ?

ಬೇಸಿಗೆ ರಜೆಯಲ್ಲಿ ವರದಿಯೊಂದರ ನಿಮಿತ್ತ ಅಂತಹ ಒಂದು ಕೊಠಡಿಯನ್ನು ನೋಡುವ ಸಂದರ್ಭ ಈ ಲೇಖಕನಿಗೆ ಒದಗಿತು. ಮೂಲೆಯಲ್ಲಿ ಕಾಲು ಮುರಿದ ಬೆಂಚುಗಳ ರಾಶಿ. ಕಪ್ಪು ಹಲಗೆ ಎಷ್ಟು ಎತ್ತರದಲ್ಲಿತ್ತೆಂದರೆ ಆರು ವರ್ಷದ ಮಗು ಕೈ ಚಾಚಿದರೂ ಅದರ ಕೆಳ ಅಂಚು ಸಿಗದು. ಅದಕ್ಕೂ ಮೇಲೆ, ಸಂದರ್ಶಕರಿಗೆ ಮಾತ್ರ ಕಾಣುವಂತೆ, ಬಣ್ಣ ಮಾಸಿದ ಕೆಲವು ನಕ್ಷೆಗಳು. ಹಂಚು ಸರಿದ ಕಡೆ ಕಳೆದ ಮಳೆಗಾಲದ ನೀರು ಗೋಡೆಯ ಮೇಲೆ ಗೆರೆ ಎಳೆದಿತ್ತು. ಕಲಿಕಾ ಕಾರ್ಡುಗಳು ಎಲ್ಲಿವೆ ಎಂದು ಕೇಳಿದಾಗ ಮುಖ್ಯ ಶಿಕ್ಷಕಿಯವರು ಕಬ್ಬಿಣದ ಬೀರುವಿನತ್ತ ಬೆರಳು ತೋರಿಸಿದರು. "ಕಳೆದುಹೋದರೆ ನಾವೇ ಉತ್ತರ ಕೊಡಬೇಕಲ್ಲ ಸಾರ್, ಅದಕ್ಕೆ ಬೀಗ ಹಾಕಿದ್ದೇವೆ" ಎಂದರು. ಎಸ್‌ಡಿಎಂಸಿ ಸಭೆ ನಡೆಯುತ್ತದೆಯೇ ಎಂದು ವಿಚಾರಿಸಿದೆ. "ಪುಸ್ತಕ ನಾವೇ ಬರೆಯುತ್ತೇವೆ, ಸಹಿ ಹಾಕಲಿಕ್ಕೆ ಮನೆ ಮನೆಗೆ ಕಳಿಸುತ್ತೇವೆ" ಎಂಬ ಉತ್ತರ ಬಂತು. ಅವರ ಧ್ವನಿಯಲ್ಲಿ ದೂರಿರಲಿಲ್ಲ, ದಣಿವಿತ್ತು. ಆ ಶಾಲೆಯ ಮಕ್ಕಳಲ್ಲಿ ಬಹುಪಾಲು ನಮ್ಮವೇ ಮಕ್ಕಳು.

ಬಾಗಿಲ ಪಕ್ಕದ ಗೋಡೆಯಲ್ಲಿ ಮಾತ್ರ ಒಂದು ಬರಹ ಸ್ಪಷ್ಟವಾಗಿತ್ತು. ಅದು ಮತಗಟ್ಟೆಯ ಸಂಖ್ಯೆ.

ಈ ಸಂಖ್ಯೆಯ ಹಿಂದೆ ಒಂದು ಪಾಠವಿದೆ. 2023ರ ಮೇ 10ರಂದು ರಾಜ್ಯ ವಿಧಾನಸಭೆಗೆ ಮತದಾನ ನಡೆಯಿತು. 2024ರ ಲೋಕಸಭಾ ಚುನಾವಣೆಗೆ ಎಪ್ರಿಲ್ 26 ಹಾಗೂ ಮೇ 7ರಂದು ಮತ ಚಲಾಯಿಸಿದೆವು. ಇವೆಲ್ಲವೂ ಶಾಲಾರಂಭಕ್ಕೆ ಕೆಲವೇ ವಾರಗಳಿದ್ದಾಗ, ಬಹುತೇಕ ಇಂತಹದೇ ಕೊಠಡಿಗಳಲ್ಲಿ ನಡೆದವು. ಮತಗಟ್ಟೆಗಳಲ್ಲಿ ಕುಡಿಯುವ ನೀರು, ಬೆಳಕು, ಶೌಚಾಲಯ, ನೆರಳು, ಇಳಿಜಾರು ದಾರಿ ಇರಲೇಬೇಕೆಂದು ಚುನಾವಣಾ ಆಯೋಗ ವಿಧಿಸಿದೆ. ಅಧಿಕಾರಿಗಳು ಬಂದು ಪರಿಶೀಲಿಸುತ್ತಾರೆ, ಕೆಟ್ಟ ದೀಪ ಉರಿಯುತ್ತದೆ, ಒಣಗಿದ ನಲ್ಲಿಯಲ್ಲಿ ನೀರು ಹರಿಯುತ್ತದೆ. ಒಂದು ದಿನ ಬಂದು ಹೋಗುವ ಮತದಾರನಿಗೆ ಸಿಗುವ ಈ ಸತ್ಕಾರ, ವರ್ಷದಲ್ಲಿ ಕನಿಷ್ಠ 200 ದಿನ ಅಲ್ಲಿಯೇ ಕುಳಿತು ಕಲಿಯಬೇಕಾದ ಮಗುವಿಗೆ ಏಕೆ ಸಿಗುವುದಿಲ್ಲ? ಉತ್ತರ ಸರಳ. ಮತದಾರನಿಗೆ ಮತವಿದೆ, ಮಗುವಿಗೆ ಇಲ್ಲ. ಮಗುವಿನ ಪರವಾಗಿ ಮಾತನಾಡಬೇಕಾದ ಹೆತ್ತವರಿಗೆ ಮತವಿದ್ದರೂ ಅವರು ಮಾತನಾಡುತ್ತಿಲ್ಲ.

2022ರ ನವೆಂಬರಿನಲ್ಲಿ 'ವಿವೇಕ' ಯೋಜನೆಯಡಿ ಹೊಸ ತರಗತಿ ಕೊಠಡಿಗಳನ್ನು ಕಟ್ಟಿ ಕೇಸರಿ ಬಣ್ಣ ಬಳಿಯುವ ಮಾತು ಬಂದಾಗ ನಮ್ಮ ಮುಖಂಡರು ಹೇಳಿಕೆಗಳ ಮೇಲೆ ಹೇಳಿಕೆ ನೀಡಿದರು. ಶಾಲೆಯ ಗೋಡೆಯನ್ನು ರಾಜಕೀಯದ ಫಲಕವಾಗಿಸುವುದನ್ನು ಪ್ರಶ್ನಿಸಿದ್ದು ಸರಿಯೇ. ಆದರೆ ಗೋಡೆಯ ಬಣ್ಣದ ಬಗ್ಗೆ ವಾರಗಟ್ಟಲೆ ಮಾತನಾಡಿದ ನಾವು, ಆ ಗೋಡೆಯಲ್ಲಿ ಕಪ್ಪು ಹಲಗೆ ಎಷ್ಟು ಎತ್ತರದಲ್ಲಿದೆ ಎಂದು ಒಂದು ದಿನವಾದರೂ ಕೇಳಿದೆವೇ? ಬಣ್ಣದ ವಿವಾದದಿಂದ ಪತ್ರಿಕೆಯಲ್ಲಿ ಹೆಸರು ಬರುತ್ತದೆ; ಹಲಗೆಯನ್ನು ಎರಡು ಅಡಿ ಕೆಳಗಿಳಿಸಿದರೆ ಬರುವುದಿಲ್ಲ.

ಹಲಗೆಯ ಎತ್ತರದಂತಹ ಸಣ್ಣ ಸಂಗತಿಗೆ ಇಷ್ಟೊಂದು ಮಹತ್ವವೇಕೆ ಎಂದು ಕೇಳುವವರಿದ್ದಾರೆ. ಅವರು 'ನಲಿ-ಕಲಿ'ಯ ಇತಿಹಾಸವನ್ನು ಗಮನಿಸಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ಈ ಪದ್ಧತಿಯನ್ನು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಲಾಯಿತು. ಇದರಲ್ಲಿ ಕೊಠಡಿಯೇ ಅರ್ಧ ಶಿಕ್ಷಕ. ಮಕ್ಕಳು ಗುಂಪುಗಳಲ್ಲಿ ಕುಳಿತು ಕಾರ್ಡುಗಳ ಮೂಲಕ ಕಲಿಯುತ್ತಾರೆ. ತಾನೆಲ್ಲಿದ್ದೇನೆ, ಮುಂದೆಲ್ಲಿಗೆ ಹೋಗಬೇಕು ಎಂಬುದನ್ನು ಮಗು ಗೋಡೆಯ 'ಕಲಿಕಾ ಏಣಿ'ಯಲ್ಲಿ ತಾನೇ ನೋಡಿ ತಿಳಿಯುತ್ತದೆ. ಅದು ಬಿಡಿಸಿದ ಚಿತ್ರ, ಬರೆದ ಅಕ್ಷರ ಮಾಡಿನಡಿ ದಾರ ಕಟ್ಟಿದ 'ಚಪ್ಪರ'ದಲ್ಲಿ ತೂಗುತ್ತದೆ. ಬರೆಯಲು ಮಗುವಿನ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲಿಯೇ ಹಲಗೆ ಇರುತ್ತದೆ. ಏಣಿ ಹರಿದಿದ್ದು, ಕಾರ್ಡು ಬೀರುವಿನಲ್ಲಿದ್ದು, ಹಲಗೆ ಆಕಾಶದಲ್ಲಿದ್ದರೆ ಉಳಿಯುವುದೇನು? ಪದ್ಧತಿಯ ಹೆಸರು ಮಾತ್ರ. ಅನಂತರ "ನಲಿ-ಕಲಿಯಿಂದ ಮಕ್ಕಳು ಏನೂ ಕಲಿಯುವುದಿಲ್ಲ" ಎಂದು ದೂರುತ್ತಾ ನಾವು ಖಾಸಗಿ ಶಾಲೆಯ ಅರ್ಜಿ ನಮೂನೆಗೆ ಸಾಲು ನಿಲ್ಲುತ್ತೇವೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಅಗತ್ಯ. ಈ ಲೇಖಕನ ಮಗಳೂ ಶುಲ್ಕ ತೆತ್ತು ಖಾಸಗಿ ಶಾಲೆಯಲ್ಲಿಯೇ ಕಲಿಯುತ್ತಿದ್ದಾಳೆ. ಆದ್ದರಿಂದ ಇದು ಉಪದೇಶವಲ್ಲ, ನಮ್ಮೆಲ್ಲರ ಮೇಲಿನ ಆರೋಪಪಟ್ಟಿ. ಶುಲ್ಕ ತೆರಬಲ್ಲವರೆಲ್ಲ ಸರಕಾರಿ ಶಾಲೆಯಿಂದ ಹೊರನಡೆದ ಬಳಿಕ ಅಲ್ಲಿ ಉಳಿದವರು ಆಟೋ ಚಾಲಕರ, ಬೀಡಿ ಕಟ್ಟುವ ತಾಯಂದಿರ, ಮೀನು ಮಾರುವವರ ಮಕ್ಕಳು. ದಿನಗೂಲಿ ಬಿಟ್ಟು ಸಭೆಗೆ ಬಂದು ಪ್ರಶ್ನೆ ಕೇಳುವ ಬಿಡುವು ಅವರ ಹೆತ್ತವರಿಗಿಲ್ಲ. ಆ ಬಿಡುವು ಇರುವ ನಾವು ಶಾಲು ಹೊದೆಸುವುದರಲ್ಲಿ ಮಗ್ನರು.

ಸಾಚಾರ್ ಸಮಿತಿಯ ವರದಿ ಬಂದದ್ದು 2006ರ ನವೆಂಬರಿನಲ್ಲಿ. 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕನೇ ಒಂದು ಭಾಗ ಶಾಲೆಯ ಮುಖ ನೋಡಿಲ್ಲ ಅಥವಾ ಅರ್ಧದಲ್ಲಿ ಬಿಟ್ಟಿದೆ ಎಂದು ಅದು ಹೇಳಿತು. ನಾವು ಆ ವರದಿಯನ್ನು ಮೀಸಲಾತಿಯ ಬೇಡಿಕೆಗೆ, ಚುನಾವಣಾ ಭಾಷಣಕ್ಕೆ ಧಾರಾಳವಾಗಿ ಬಳಸಿದೆವು. ಅರ್ಧದಲ್ಲಿ ಬಿಡುವ ಮಗು ಏಳನೇ ತರಗತಿಯಲ್ಲಿ ಒಮ್ಮೆಲೇ ಬಿಡುವುದಿಲ್ಲ. ತನಗೆ ಓದಲು ಬರುವುದಿಲ್ಲ ಎಂಬುದು ಅದಕ್ಕೆ ಒಂದು, ಎರಡನೇ ತರಗತಿಯಲ್ಲಿಯೇ ಮನದಟ್ಟಾಗಿರುತ್ತದೆ. ಅನಂತರದ್ದು ಕೇವಲ ದಿನ ಎಣಿಕೆ.

ಭಾಷೆಯ ವಿಷಯವೂ ಇದೆ. ನಮ್ಮ ಮಗು ಮನೆಯಲ್ಲಿ ಬ್ಯಾರಿ, ಉರ್ದು, ನವಾಯತಿ ಅಥವಾ ಮಲಯಾಳ ಮಾತನಾಡಿ ಬಂದಿರುತ್ತದೆ. ಶಾಲೆಯ ಗೋಡೆಯ ಮೇಲೆ ಅದಕ್ಕೆ ಪರಿಚಿತವಾದ ಒಂದು ಶಬ್ದವೂ ಇರುವುದಿಲ್ಲ. ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಬೋಧನೆ ಇರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ 29ನೇ ಸೆಕ್ಷನ್ ಹೇಳುತ್ತದೆ. ಕನಿಷ್ಠ ಪಕ್ಷ ಚಿತ್ರದ ಕೆಳಗೆ ಕನ್ನಡದ ಪದದೊಂದಿಗೆ ಮನೆಯ ಮಾತಿನ ಪದವನ್ನೂ ಕನ್ನಡ ಲಿಪಿಯಲ್ಲಿ ಬರೆದು ಅಂಟಿಸಲು ಯಾವ ಇಲಾಖೆಯ ಅನುಮತಿ ಬೇಕು? ಈ ಲೇಖಕ ಕಲಿತ ಮದ್ರಸದ ಕೊಠಡಿ ತೀರಾ ಬಡವಾಗಿತ್ತು. ಆದರೆ ನಾವು ಮೊದಲ ದಿನ ಹೋಗುವ ಮುನ್ನವೇ ಉಸ್ತಾದರು ಎಲ್ಲರ ಹೆಸರನ್ನು ಹಲಗೆಯ ಮೇಲೆ ಬರೆದಿಟ್ಟಿದ್ದರು. ಓದಲು ಬಾರದಿದ್ದರೂ ಅದರಲ್ಲೊಂದು ನನ್ನದು ಎಂದು ತಿಳಿದಾಗ ಆದ ಸಂತೋಷ ಇಂದಿಗೂ ನೆನಪಿದೆ.

"ಸರಕಾರ ಮಾಡಬೇಕಾದುದನ್ನು ನಾವೇಕೆ ಮಾಡಬೇಕು? ನಾವು ಮಾಡಿದರೆ ಸರಕಾರ ನುಣುಚಿಕೊಳ್ಳುವುದಿಲ್ಲವೇ?" ಎಂಬ ಆಕ್ಷೇಪವಿದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾಡು, ಶೌಚಾಲಯ, ನೀರು, ಶಿಕ್ಷಕರ ನೇಮಕಾತಿ ಸರಕಾರದ ಹೊಣೆ. ಅದರಲ್ಲಿ ಒಂದು ಪೈಸೆಯ ರಿಯಾಯಿತಿಯನ್ನೂ ಕೊಡಬಾರದು. ಆದರೆ ಕೇಳಬೇಕಾದವರು ಯಾರು? 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಹೆತ್ತವರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾಭಿವೃದ್ಧಿ ಯೋಜನೆ ರೂಪಿಸುವುದು, ಅನುದಾನದ ವೆಚ್ಚವನ್ನು ಗಮನಿಸುವುದು ಆ ಸಮಿತಿಯ ಕರ್ತವ್ಯ. 2018ರ ಸಮಗ್ರ ಶಿಕ್ಷಣ ಮಾರ್ಗಸೂಚಿಯು ನೂರರಿಂದ 250ರವರೆಗೆ ಮಕ್ಕಳಿರುವ ಶಾಲೆಗೆ ವಾರ್ಷಿಕ 50 ಸಾವಿರ ರೂಪಾಯಿ ಸಂಯುಕ್ತ ಅನುದಾನ ನಿಗದಿಪಡಿಸಿತು. ಅದು ನಮ್ಮ ಶಾಲೆಗೆ ಯಾವಾಗ ಬಂತು, ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂದು ಕೇಳುವ ಅಧಿಕಾರವನ್ನು ಕಾನೂನೇ ನಮ್ಮ ಕೈಗಿತ್ತಿದೆ. ನಾವಾದರೋ ನಡೆಯದ ಸಭೆಯ ಪುಸ್ತಕಕ್ಕೆ ಮನೆಯಲ್ಲಿ ಕುಳಿತು ಸಹಿ ಹಾಕುತ್ತಿದ್ದೇವೆ. ಹೀಗಿರುವಾಗ ಸರಕಾರ ನುಣುಚಿಕೊಳ್ಳಲು ದಾರಿ ಮಾಡಿಕೊಟ್ಟವರು ಯಾರು?

ಮಸ್ಜಿದುನ್ನಬವಿಯ ಒಂದು ಪಾರ್ಶ್ವದಲ್ಲಿ, ಆಶ್ರಯವಿಲ್ಲದ ಕಲಿಕಾರ್ಥಿಗಳಿಗಾಗಿ ನೆರಳು ಹೊದಿಸಿದ ಸ್ಥಳವೊಂದಿತ್ತು. ಅಸ್ಸುಫ್ಫಾ ಎಂದು ಅದನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಕಲಿಯಲು ಬಂದವರಿಗೆ ಮೊದಲು ನೆರಳು ಒದಗಿಸಿದ ಪರಂಪರೆಯ ವಾರಸುದಾರರು, ಮಳೆಗೆ ನೆನೆಯುವ ತರಗತಿಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಬೇಡವೇ?

ಮೇ ತಿಂಗಳ ಕೊನೆಯಲ್ಲಿ ಶಾಲೆಯ ಬಾಗಿಲು ತೆರೆಯುತ್ತದೆ, ಅದರ ಬೆನ್ನಿಗೇ ಮಳೆ ಬರುತ್ತದೆ. ಅದಕ್ಕೆ ಮುಂಚಿನ ಎರಡು ವಾರಗಳು ಸಾಕು. ಜುಮಾ ನಮಾಝಿನ ಬಳಿಕ ಜಮಾಅತಿನ ಹತ್ತು ಮಂದಿ ಶಾಲೆಗೆ ಹೋಗಲಿ. ತಾಯಂದಿರು ಮುಂದಿರಲಿ, ಮಗುವಿನ ಕೈ ಎಲ್ಲಿಗೆ ಎಟಕುತ್ತದೆ ಎಂಬುದು ಅವರಿಗೆ ಗೊತ್ತು. ಮಾಡು, ನೀರು, ಶೌಚಾಲಯದ ಬಾಗಿಲಿನ ಚಿಲಕ ಇವುಗಳ ಕೊರತೆಯನ್ನು ಸಮಿತಿಯ ನಿರ್ಣಯ ಪುಸ್ತಕದಲ್ಲಿ ದಾಖಲಿಸಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಲಿ. ಉಳಿದದ್ದಕ್ಕೆ ಯಾರ ಅಪ್ಪಣೆಯೂ ಬೇಡ. ಮುರಿದ ಬೆಂಚು ಹೊರಗೆ ಹೋಗಲಿ, ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬೀಳಲಿ, ಚೀಲ ತೂಗಹಾಕಲು ಮೊಳೆ, ಕೂರಲು ಚಾಪೆ, ತೆರೆದ ಕಪಾಟು ಬರಲಿ. "ಕಾರ್ಡು ಕಳೆದುಹೋದರೆ ಸಮಿತಿ ಹೊಣೆ" ಎಂದು ಬರೆದುಕೊಟ್ಟು ಬೀರುವಿನ ಬೀಗ ತೆಗೆಸಿರಿ. ಇದಕ್ಕೆಲ್ಲ ತಗಲುವ ವೆಚ್ಚ ನಮ್ಮ ಒಂದು ಮದುವೆಯ ಸಿಹಿತಿಂಡಿಯ ಖರ್ಚಿಗೂ ಸಮನಾಗದು.

ಈ ವರ್ಷವೂ ಪ್ರತಿಭಾ ಪುರಸ್ಕಾರ ನಡೆಯಲಿ. ಆದರೆ ಆಮಂತ್ರಣ ಪತ್ರ ಮುದ್ರಿಸುವ ಮೊದಲು ಸಂಘಟಕರು ತಮ್ಮ ಊರಿನ ಒಂದನೇ ತರಗತಿಯ ನೆಲದ ಮೇಲೆ ಹತ್ತು ನಿಮಿಷ ಕುಳಿತು, ಅಲ್ಲಿಂದ ಹಲಗೆ ಕಾಣುತ್ತದೆಯೇ ಎಂದು ನೋಡಿ ಬರಲಿ.